ಹೋಟೆಲ್ ಓಡುತ್ತದಾ, ನಡೆಯುತ್ತದಾ?

"ನಾವು ಹೋಟೆಲ್ ನಡೆಸ್ತೀವಿ ಅಂತಾನೇ ಅಲ್ವಾ ಅಂಕಲ್ ಹೇಳೋದು?"

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದ್ದು ನಾನು ತಿಂಡಿಗೆ ಹೋಗುವ ಹೋಟೆಲಿನ ಅಕ್ಕನ ಮಗ. ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಹತ್ತಿರದ ನಾಲ್ಕು ಬೆಂಚಿನ ಹೋಟೆಲು. ಹುಡುಗ ಆರನೇ ಕ್ಲಾಸು. ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ ಅಂದಿದ್ದರಂತೆ. ಇವನು 'ಮೈ ಮದರ್ ವಾಕ್ಸ್ ಎ ಹೋಟೆಲ್' ಅಂತ ಬರೆದಿದ್ದಾನೆ. ಟೀಚರ್ ಅದನ್ನು ಜೋರಾಗಿ ಓದಿ ಇಡೀ ಕ್ಲಾಸನ್ನು ನಗಿಸಿದ್ದಾರೆ.

ನೋಟ್ ಬುಕ್ ತೋರಿಸಿದ. 'ವಾಕ್ಸ್' ಕೆಳಗಿನ ಕೆಂಪು ಗೆರೆ ಹಾಳೆಯ ಹಿಂದೆಯೂ ಉಬ್ಬಿತ್ತು. ಪಕ್ಕದಲ್ಲಿ 'ರನ್ಸ್' ಅಂತ ಬರೆದಿರಲಿಲ್ಲ. ಸರಿ ಉತ್ತರ ಹೇಳಿಕೊಡದ ಮೇಲೆ ಆ ಗೆರೆ ಯಾಕೆ ಬೇಕಿತ್ತು? ಮಕ್ಕಳನ್ನು ನೋಡಿ ನಗುವವರು ಆ ಕೆಲಸಕ್ಕೆ ಬರಲೇಬಾರದು.

ಹುಡುಗ ಯೋಚನೆ ಮಾಡಿಯೇ ಬರೆದಿದ್ದಾನೆ. ಅಂಗಡಿ, ಸಂಸಾರ, ಸರ್ಕಾರ ಎಲ್ಲವನ್ನೂ ನಾವು ನಡೆಸುತ್ತೇವೆ. ಇಂಗ್ಲಿಷಿನಲ್ಲಿ ಅವೆಲ್ಲ ಓಡಬೇಕು. ಅಲ್ಲಿ ನಲ್ಲಿಯೂ ಓಡುತ್ತದೆ, ನೆಗಡಿಯಾದರೆ ಮೂಗೂ ಓಡುತ್ತದೆ. ಹಾಲು ಖಾಲಿಯಾದರೂ ರನ್ ಔಟ್. ಬಸ್ಸು, ಸಿನಿಮಾ ಮಾತ್ರ ಎರಡೂ ಭಾಷೆಯಲ್ಲಿ ಓಡುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಈ ಒಂದು ಕ್ರಿಯಾಪದಕ್ಕೆ 645 ಅರ್ಥ ಗುರುತಿಸಿದ್ದಾರೆ. 1989ರ ಆವೃತ್ತಿಯಲ್ಲಿ 'ಸೆಟ್' ಮುಂದಿತ್ತು, ಆಮೇಲೆ 'ರನ್' ಅದನ್ನೂ ಹಿಂದೆ ಹಾಕಿತು. ನಮ್ಮ ಮಕ್ಕಳಿಗೆ ಅದರಲ್ಲಿ ಹೇಳಿಕೊಡುವುದು ಒಂದೇ ಒಂದು, ಓಡು. ಉಳಿದದ್ದು ಅವರಿಗೆ ತಾನಾಗೇ ಗೊತ್ತಾಗಬೇಕಾ?

ಇಂಗ್ಲಿಷಿನವರಲ್ಲೇ ಒಮ್ಮತ ಇಲ್ಲ. ಚುನಾವಣೆಗೆ ಅಮೆರಿಕದವರು 'ರನ್' ಅಂದರೆ ಬ್ರಿಟನ್ನಿನವರು 'ಸ್ಟ್ಯಾಂಡ್' ಅನ್ನುತ್ತಾರೆ. ನಾವೂ ನಿಲ್ಲುವವರೇ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಂದ ಗೆದ್ದರಲ್ಲ, ಊರಲ್ಲಿ ವಯಸ್ಸಾದವರು ಈಗಲೂ "ಇಲ್ಲಿ ನಿಂತಿದ್ರು" ಅಂತಾನೇ ಹೇಳೋದು. ಅದೇ ಮಾತನ್ನು ಇಂಗ್ಲಿಷಿನಲ್ಲಿ 'ಸ್ಟುಡ್' ಅಂತ ಬರೆದರೆ ಸರಿ, ಹೋಟೆಲಿಗೆ 'ವಾಕ್ಸ್' ಅಂದರೆ ತಪ್ಪು. ಈ ವ್ಯತ್ಯಾಸವನ್ನು ಹನ್ನೊಂದು ವರ್ಷದ ಮಗುವಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕು ತಾನೆ?

ನಡೆಸ್ತೀವಿ ಅಂತಾನೇ ಅಲ್ವಾ ಅಂಕಲ್? ಹೌದು ಪುಟ್ಟ, ಹಾಗೇ ಹೇಳೋದು. ತನ್ನ ಭಾಷೆ ಇಷ್ಟು ಚೆನ್ನಾಗಿ ಗೊತ್ತಿರುವ ಹುಡುಗ ಇನ್ನೊಂದನ್ನೂ ಕಲಿಯುತ್ತಾನೆ. ಆದರೆ ಅವತ್ತಿಂದ ಅವನು ಇಂಗ್ಲಿಷ್ ಪೀರಿಯಡ್ಡಲ್ಲಿ ಕೈ ಎತ್ತುತ್ತಿಲ್ಲವಂತೆ.

ನಾನೇ ಸ್ಕೂಲಿಗೆ ಬಂದು ಮಾತಾಡ್ತೀನಿ ಅಂದೆ. ಅಕ್ಕ ರೊಟ್ಟಿ ತಿರುವಿ ಹಾಕುತ್ತಾ, "ಬೇಡ ಅಣ್ಣ, ಅವನು ನಾಳೆನೂ ಅಲ್ಲೇ ಕೂತು ಓದ್ಬೇಕು" ಅಂದರು.