ಬಂಗುಡೆ, ಬಸ್ಸಾರು, ಪಂದಿ ಕರಿ: ಯಾವ ವೈನ್, ಎಷ್ಟು ತಣ್ಣಗೆ?

ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಎಂಬ ಮಾತನ್ನು ಮೊದಲು ಮರೆತುಬಿಡಿ. ಆ ‘ರೂಮ್’ ಯುರೋಪಿನ ಹಳೆಯ ಕಲ್ಲುಮನೆಯದು. ಅಲ್ಲಿನ ಊಟದ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಮನೆಯೊಳಗೇ 28 ಡಿಗ್ರಿ ದಾಟುತ್ತದೆ, ಕಲಬುರಗಿ, ರಾಯಚೂರಿನ ಮಾತಂತೂ ಬೇಡ. ಅಷ್ಟು ಬೆಚ್ಚಗಿರುವ ರೆಡ್ ಸುರಿದರೆ ಮೂಗಿಗೆ ಮೊದಲು ಬಡಿಯುವುದು ಸ್ಪಿರಿಟ್ ವಾಸನೆ. ಹಣ್ಣಿನ ಘಮ ಅದರಡಿ ಹೂತುಹೋಗುತ್ತದೆ, ಬಾಯಿಗೆ ಜಾಮ್ ಕದಡಿದ ಹಾಗೆ ಮಂದವಾಗಿ ಹತ್ತುತ್ತದೆ. ನಂದಿ ಬೆಟ್ಟದ ತಪ್ಪಲಿನ ಒಳ್ಳೆಯ ವೈನನ್ನೂ ಹೀಗೆ ಕುಡಿದು ‘ಇದೇನೂ ಚೆನ್ನಾಗಿಲ್ಲ’ ಎಂದು ಬಾಟಲಿ ಪಕ್ಕಕ್ಕಿಡುವವರು ಬಹಳ.

ಲೆಕ್ಕ ಸುಲಭ. 28 ಡಿಗ್ರಿಯಲ್ಲಿರುವ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ರೆಡ್‌ಗೆ ಬೇಕಾದ 16–17 ಡಿಗ್ರಿಗೆ ಬರಲು ಒಂದರಿಂದ ಒಂದೂವರೆ ಗಂಟೆ ಸಾಕು. ವೈಟ್ 8–10 ಡಿಗ್ರಿಗೆ ಇಳಿಯಬೇಕಾದರೆ ಮೂರು ನಾಲ್ಕು ಗಂಟೆ. ನೆಂಟರು ಬಾಗಿಲಿಗೆ ಬಂದಾಗಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ. ವೈಟ್‌ಗೆ 15–20 ನಿಮಿಷ, ರೆಡ್‌ಗೆ ಐದಾರು ನಿಮಿಷ. ಬರೀ ಐಸು ತುಂಬಿದರೆ ನಡುವೆ ಗಾಳಿ ಉಳಿದು ತಣ್ಣಗಾಗುವುದು ನಿಧಾನ, ನೀರು ಇರಲೇಬೇಕು. ಫ್ರೀಜರ್‌ನಲ್ಲಿಟ್ಟು ಮರೆತರೆ ಕಾರ್ಕ್ ಮೇಲಕ್ಕೆ ಬರುತ್ತದೆ, ಬಾಟಲಿಯೂ ಒಡೆಯಬಹುದು. ಲೋಟಕ್ಕೆ ಒಮ್ಮೆಗೆ 50 ಎಂಎಲ್ ಹಾಕಿಕೊಳ್ಳಿ. ಕೆಳಗೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟವಾದರೆ ಘಮ ಒಳಗೇ ನಿಲ್ಲುತ್ತದೆ.

ಇನ್ನು ಊಟ. ಯಾವ ಅಡುಗೆಗೆ ಯಾವ ವೈನ್ ಎಂಬ ಪಟ್ಟಿ ಉರು ಹೊಡೆಯುವುದಕ್ಕಿಂತ ಒಂದು ಸಂಜೆ ಈ ಪರೀಕ್ಷೆ ಮಾಡುವುದು ಮೇಲು. ತಟ್ಟೆಯಲ್ಲಿ ನಾಲ್ಕು ಪದಾರ್ಥ: ಒಂದು ಚಿಟಿಕೆ ಉಪ್ಪು, ಒಂದು ಹೋಳು ನಿಂಬೆಹಣ್ಣು, ಸಣ್ಣ ಚೂರು ಹಸಿಮೆಣಸಿನಕಾಯಿ, ಒಂದು ತುಂಡು ಬೆಲ್ಲ. ಲೋಟದಲ್ಲಿ ಒಗರು ಇರುವ ರೆಡ್, ಕ್ಯಾಬರ್ನೆ ಸುವಿನ್ಯೋ ಆದರೆ ಒಳ್ಳೆಯದು. ಮೊದಲು ಬರೀ ವೈನ್ ಒಂದು ಗುಟುಕು. ಎಳೆ ಅಡಿಕೆ ಅಗಿದಾಗ ಆಗುವಂತೆ ಒಸಡು ಬಿಗಿದುಕೊಳ್ಳುತ್ತದೆ, ದ್ರಾಕ್ಷಿ ಸಿಪ್ಪೆ ಮತ್ತು ಬೀಜದ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಈಗ ನಾಲಿಗೆಗೆ ಉಪ್ಪು ಹಚ್ಚಿ ಇನ್ನೊಂದು ಗುಟುಕು: ಕಹಿ ಇಳಿದು ಹಣ್ಣು ಮುಂದೆ ಬರುತ್ತದೆ. ನಿಂಬೆ ಚೀಪಿ ಕುಡಿಯಿರಿ: ಅದೇ ವೈನ್ ಮೆದುವಾಗಿ, ಕೊಂಚ ಸಿಹಿಯಾಗಿಯೇ ಕಾಣುತ್ತದೆ. ಬೆಲ್ಲ ತಿಂದು ಕುಡಿದರೆ ತಿರುವುಮುರುವು, ವೈನ್ ತೆಳ್ಳಗೆ, ಹುಳಿಯಾಗಿ, ಕಹಿಯಾಗಿ ಹತ್ತುತ್ತದೆ. ಹೋಳಿಗೆಯ ಜೊತೆ ಡ್ರೈ ವೈನ್, ಅಂದರೆ ಸಿಹಿ ಉಳಿಯದ ವೈನ್, ಕೊಡಬಾರದು ಎನ್ನುವುದು ಇದಕ್ಕೇ. ಕೊನೆಗೆ ಮೆಣಸಿನಕಾಯಿ. ಗಂಟಲವರೆಗೂ ಉರಿ. ಆಲ್ಕೋಹಾಲ್ ಕೂಡ ಖಾರ ಗ್ರಹಿಸುವ ನರಗಳನ್ನೇ ಕೆಣಕುತ್ತದೆ, ಆದ್ದರಿಂದ ವೈನ್ ಖಾರ ಆರಿಸುವುದಿಲ್ಲ, ಊದಿ ಉರಿಸುತ್ತದೆ. 14.5 ಶೇಕಡ ಆಲ್ಕೋಹಾಲ್ ಇರುವ ವೈನ್ 12 ಶೇಕಡದ್ದಕ್ಕಿಂತ ಹೆಚ್ಚು ಸುಡುತ್ತದೆ, ಬೆಚ್ಚಗಿದ್ದರೆ ಇನ್ನೂ ಹೆಚ್ಚು. ನಡುನಡುವೆ ಬಿಳಿ ಅನ್ನ ಅಥವಾ ಖಾಲಿ ದೋಸೆ ತಿನ್ನಿ, ನಾಲಿಗೆ ಸರಿಹೋಗುತ್ತದೆ.

ಈ ನಾಲ್ಕು ಅನುಭವ ಬಾಯಲ್ಲಿ ಕೂತರೆ ಮುಕ್ಕಾಲು ಕೆಲಸ ಮುಗಿದಂತೆ.

ಬಂಗುಡೆ ಪುಳಿಮುಂಚಿಯನ್ನೇ ತೆಗೆದುಕೊಳ್ಳಿ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ, ದ್ರಾಕ್ಷಿಯ ಮುಖ್ಯ ಹುಳಿಯೂ ಅದೇ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ನೀರುನೀರು. ಹಾಗಾಗಿ ಹುಳಿ ಚುರುಕಾಗಿರುವ ಸುವಿನ್ಯೋ ಬ್ಲಾಂಕ್ ಎಂಬ ವೈಟ್ ಬೇಕು, 8 ಡಿಗ್ರಿಗೆ ತಣಿಸಿ, 12–12.5 ಶೇಕಡದ್ದು ಸಿಕ್ಕರೆ ಹುಡುಕಿ ತನ್ನಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಮಸಾಲೆಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ವೈನಿಗೆ ಅದು ಅನುಕೂಲ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿಗೆ ಮಾತ್ರ ರೆಡ್ ಬೇಡವೇ ಬೇಡ. ರೆಡ್ ವೈನಿನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನೊಂದಿಗೆ ಸೇರಿ, ತುಕ್ಕು ಹಿಡಿದ ಚಮಚ ನೆಕ್ಕಿದಂಥ ರುಚಿಯನ್ನೂ ಹಳಸಿದ ಮೀನಿನ ವಾಸನೆಯನ್ನೂ ಎಬ್ಬಿಸುತ್ತದೆ. ಮೀನು ತಾಜಾ ಇದ್ದರೂ ಮೀನಿನವರ ಮೇಲೆ ಅನುಮಾನ ಬರುತ್ತದೆ.

ಮುದ್ದೆ, ಬಸ್ಸಾರು ಕಷ್ಟದ ಜೋಡಿ. ಸೊಪ್ಪು ಬಸಿದ ಕಟ್ಟಿನಲ್ಲಿ ಬೆಳ್ಳುಳ್ಳಿ, ಮೆಣಸು, ಹುಣಸೆ, ಸ್ವಲ್ಪ ಕಾಯಿ, ಮೇಲೆ ಸೊಪ್ಪಿನ ಕಹಿಯ ಎಳೆ. ಒಗರಿನ ರೆಡ್ ಆ ಕಹಿಯನ್ನು ಎತ್ತಿ ಹಿಡಿಯುತ್ತದೆ, ಓಕ್ ಪೀಪಾಯಿಯಲ್ಲಿ ಬೆಳೆದ ವೈಟ್ ಕಟ್ಟಿನ ಘಮವನ್ನು ನುಂಗಿಹಾಕುತ್ತದೆ. ಇಲ್ಲಿ ನಾನು ಶೆನಿನ್ ಬ್ಲಾಂಕ್ ಎಂಬ ವೈಟ್‌ನ ಪಕ್ಷ, ಅದೂ ಒಂದಿಷ್ಟು ಸಿಹಿ ಉಳಿಸಿರುವುದು, 10 ಡಿಗ್ರಿ. ಆ ಸಿಹಿ ಖಾರದ ಮೊನೆ ಮುರಿಯುತ್ತದೆ. ಇಲ್ಲವೇ ಶಿರಾಜ್ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡಿದ ಡ್ರೈ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ವೈನಿಗೋಸ್ಕರ ಸಾರಿನ ಖಾರ ಕಡಿಮೆ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬದಲಾಗಬೇಕಾದದ್ದು ಬಾಟಲಿ, ಬಸ್ಸಾರಲ್ಲ.

ಪಂದಿ ಕರಿಯ ಮುಂದೆ ರೆಡ್‌ಗೆ ನಿಜವಾದ ಮರ್ಯಾದೆ ಸಿಗುತ್ತದೆ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯ ಕಪ್ಪಗಾಗುವವರೆಗೆ ಹುರಿದ ಪುಡಿ, ಚರ್ಮ ಕೊಬ್ಬು ಸಮೇತ ಬೆಂದ ಮಾಂಸ, ಕೊನೆಯಲ್ಲಿ ಕೊಡಗಿನ ದಟ್ಟ ಕಪ್ಪು ಹುಳಿ ಕಾಚಂಪುಳಿ. ಕಿಲೋ ಮಾಂಸಕ್ಕೆ ಒಂದರಿಂದ ಎರಡು ಟೇಬಲ್ ಚಮಚ ಕಾಚಂಪುಳಿ ಸಾಕು. ಮೂರಕ್ಕೆ ಹೋದರೆ ಆ ಹುಳಿಯ ಮುಂದೆ ಯಾವ ರೆಡ್ಡೂ ನಿಲ್ಲುವುದಿಲ್ಲ. ಕೊಬ್ಬು, ಪ್ರೋಟೀನು, ಉಪ್ಪು ಒಗರನ್ನು ಸಾಣೆ ಹಿಡಿದಂತೆ ನಯ ಮಾಡುತ್ತವೆ, ವೈನಿನ ಹುಳಿ ಬಾಯಿಗಂಟಿದ ಜಿಡ್ಡನ್ನು ತೊಳೆಯುತ್ತದೆ. ಶಿರಾಜ್ ತನ್ನಿ. ಕಾಳುಮೆಣಸಿಗೆ ಅದರ ಘಮ ಕೊಡುವ ರೊಟಂಡೋನ್ ಎಂಬ ಅಂಶ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಗುರುತಿಸಿದರು. ಐವರಲ್ಲಿ ಒಬ್ಬರಿಗೆ ಈ ವಾಸನೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಜಗಳ ಬೇಡ. ಬಿಸಿಲು ಹೆಚ್ಚಿರುವ ತೋಟದ ಹಣ್ಣಿನಲ್ಲಿ ಅದು ಕಡಿಮೆ. 1988ರಿಂದ ದೊಡ್ಡಬಳ್ಳಾಪುರದಲ್ಲಿರುವ ಗ್ರೋವರ್ ತೋಟದ ಕ್ಯಾಬರ್ನೆ–ಶಿರಾಜ್ ಬೆರಕೆ ಲಾ ರಿಸರ್ವ್ ಕೂಡ ಕಡುಬುಟ್ಟು, ಪಂದಿ ಕರಿಗೆ ಹೊಂದುತ್ತದೆ. ಅರ್ಧ ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದಿಡಿ, 17 ಡಿಗ್ರಿ ಮೀರದಂತೆ ನೋಡಿಕೊಳ್ಳಿ.

ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ಪೋರ್ಟ್ ವೈನನ್ನು ಕೀಳಾಗಿ ಕಾಣುವವರಿದ್ದಾರೆ. ಅಮೆರಿಕದ ಲಬ್ರುಸ್ಕಾ ಕುಲದ ರಕ್ತವಿರುವ ಹಣ್ಣು ಅದು, ಭೌಗೋಳಿಕ ಗುರುತು ಪಡೆದ ನಮ್ಮೂರಿನ ಬೆಳೆ. ಅದರ ಕಟು ಘಮ ಡ್ರೈ ವೈನಿಗೆ ಒಗ್ಗುವುದಿಲ್ಲ ನಿಜ. ಆದರೆ 12 ಡಿಗ್ರಿಗೆ ತಣಿಸಿದ ಸಣ್ಣ ಲೋಟ, ಪಕ್ಕದಲ್ಲಿ ಉಪ್ಪು ಸವರಿದ ಹುರಿಗಡಲೆ ಇಟ್ಟು ನೋಡಿ.

ಬಾಟಲಿಯೇ ಕೆಟ್ಟಿದ್ದರೆ ಮೇಲಿನದೆಲ್ಲ ವ್ಯರ್ಥ. ಕಾರ್ಕ್ ಅಂಚಿಗಿಂತ ಮೇಲೆದ್ದಿದ್ದರೆ, ಕತ್ತಿನ ಬಳಿ ಅಂಟಂಟು ಸೋರಿದ್ದರೆ ಎಲ್ಲೋ ಬಿಸಿಲಿಗೆ ಸಿಕ್ಕಿದೆ, ಅಂಗಡಿಯಲ್ಲೇ ಬಿಟ್ಟುಬನ್ನಿ. ನೆನೆದ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ, ಗಾಳಿಗಿಟ್ಟರೂ ಹೋಗದು. ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆಯಾದರೆ ಬ್ಯಾಕ್ಟೀರಿಯಾದ ಕೆಲಸ. ಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ಇಡಬೇಡಿ, ಅಲ್ಲಿ ಸದಾ ಬಿಸಿ. ತೆರೆದು ಉಳಿದದ್ದನ್ನು ರೆಡ್ ಆದರೂ ಫ್ರಿಜ್ಜಿನಲ್ಲೇ ಇಡಿ. ಮೂರು ದಿನ ತಡೆಯುತ್ತದೆ, ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದರೆ ಸರಿ. ನಾಲ್ಕನೇ ದಿನ ಉಳಿದಿದ್ದರೆ ಮಟನ್ ಬೇಯಿಸುವ ಕುಕ್ಕರಿಗೆ ಹಾಕಿ.