ಒಂದೇ ರನ್‌ವೇ, ಎರಡು ಟೀವಿ

ಡಿಸೆಂಬರ್‌ನಲ್ಲಿ ಮೂರು ವಾರ ರಜೆ ಹಾಕಿ ಹ್ಯಾಂಬರ್ಗ್‌ನಿಂದ ಬೆಂಗಳೂರಿಗೆ ಬಂದಿದ್ದೆ. ಹನುಮಂತನಗರದ ಮನೆಯಲ್ಲಿ ಅವರೆಕಾಯಿ ಕಾಲ. ರಾತ್ರಿ ಊಟಕ್ಕೆ ಮುಂಚೆ ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ, ನೆನೆಸಿದ ಕಾಳು ಹಿತುಕುತ್ತಾ ಎಲ್ಲರೂ ಕೂರುವುದು, ಎದುರಿಗೆ ನ್ಯೂಸ್ ಚಾನೆಲ್ ಕಿರುಚುತ್ತಿರುವುದು. ಅಷ್ಟು ದೂರದಲ್ಲಿ ಕೂತು ನಾನು ನೆನೆಸಿಕೊಳ್ಳುವ ಮನೆ ಅಂದರೆ ಇದೇ. ಆ ಕಿರುಚಾಟವೂ ಸೇರಿ.

ಒಂದು ಸಂಜೆ ಸಿಪ್ಪೆ ಬೀಳುತ್ತಿದ್ದ ಪೇಪರ್‌ನ ಮೂಲೆಯಲ್ಲಿ ಎಲ್ ಫಾಶರ್ ಅನ್ನುವ ಹೆಸರು ಕಂಡಿತು. ವಿದೇಶದ ಪುಟ, ಬೆರಳಗಲದ ಸುದ್ದಿ. "ಅಪ್ಪಾ, ಈ ಊರು ಗೊತ್ತಾ?" ಅಂದೆ. ಗೊತ್ತಿರಲಿಲ್ಲ. "ಸುಡಾನ್‌ನಲ್ಲಿ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದರಲ್ಲ?" ಅಂದ ತಕ್ಷಣ ಅಪ್ಪನ ಮುಖ ಅರಳಿತು.

"ಓ, ಆ ಎಲೆಕ್ಷನ್ ಟೈಮಲ್ಲಿ! ಸಿದ್ದರಾಮಯ್ಯ ಟ್ವೀಟ್ ಮಾಡಿದ್ದು, ಜೈಶಂಕರ್ ಗರಂ ಆಗಿದ್ದು. ಅವರೆಲ್ಲ ವಾಪಸ್ ಬಂದರಲ್ಲಮ್ಮ. ಆ ಯುದ್ಧ ಮುಗಿದು ಎಷ್ಟೋ ದಿನ ಆಯ್ತು."

ಯುದ್ಧ ಮುಗಿದಿರಲಿಲ್ಲ. ಆದರೆ ಅಪ್ಪನದೇನು ತಪ್ಪು? ದಿನಾ ಎರಡು ಪೇಪರ್ ಓದುವ ಮನುಷ್ಯ. ಸಂಜೆ ಎರಡು ಗಂಟೆ ಟೀವಿ ನ್ಯೂಸ್ ನೋಡುವವರು. ಯುದ್ಧ ಮುಗಿಯಿತು ಅಂತ ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಸುಮ್ನೆ ಹೇಳುವುದನ್ನೇ ನಿಲ್ಲಿಸಿದ್ದರು, ಅಷ್ಟೆ.

ಸುಡಾನ್‌ನ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನುವ ಅರೆಸೈನ್ಯಕ್ಕೂ ಜಗಳ ಹತ್ತಿಕೊಂಡಿದ್ದು 2023ರ ಏಪ್ರಿಲ್ 15ಕ್ಕೆ. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಯವರು ಆ ದೇಶದ ಪಶ್ಚಿಮ ಭಾಗದ ಎಲ್ ಫಾಶರ್‌ನ ಬಾಡಿಗೆ ಮನೆಗಳಲ್ಲಿ ಸಿಕ್ಕಿಬಿದ್ದರು. ಮೊದಲು ಕೇಳಿಬಂದ ಲೆಕ್ಕ 31 ಜನ. ಮೇ 10ಕ್ಕೆ ಇಲ್ಲಿ ವಿಧಾನಸಭೆ ಚುನಾವಣೆ. ಇನ್ನು ಕೇಳಬೇಕಾ? ಕುಡಿಯೋಕೆ ನೀರಿಲ್ಲ ಅಂತ ಅವರು ಮೊಬೈಲ್‌ನಲ್ಲಿ ಮಾಡಿ ಕಳಿಸಿದ ವಿಡಿಯೋಗಳು ಬೆಳಗ್ಗೆಯಿಂದ ರಾತ್ರಿವರೆಗೆ ಓಡಿದವು. ಆಫ್ರಿಕಾದ ಒಂದು ಊರಿನ ಹೆಸರು ಕನ್ನಡ ಟೀವಿಯಲ್ಲಿ ಅಷ್ಟು ಸಲ ಬಂದಿದ್ದು ಅದೇ ಮೊದಲಿರಬೇಕು.

ಆಮೇಲೆ ಆಪರೇಷನ್ ಕಾವೇರಿ. ಹೆಸರೂ ನಮ್ಮ ನದಿಯದೇ. ಸುಮಾರು 3,800 ಜನರನ್ನು ಹಡಗು, ವಿಮಾನಗಳಲ್ಲಿ ಕರೆತಂದರು. ಏಪ್ರಿಲ್ 27ರ ರಾತ್ರಿ ವಾಯುಪಡೆಯ ಸಿ-130ಜೆ ವಿಮಾನ ಸುಡಾನ್ ರಾಜಧಾನಿ ಖಾರ್ಟೂಮ್ ಹತ್ತಿರದ ವಾದಿ ಸೈದ್ನಾ ಏರ್‌ಸ್ಟ್ರಿಪ್‌ಗೆ ಇಳಿದು 121 ಜನರನ್ನು ಹೊತ್ತು ತಂದಿತು. ರನ್‌ವೇಯಲ್ಲಿ ದೀಪ ಕೂಡ ಇರಲಿಲ್ಲ, ಪೈಲಟ್‌ಗಳು ನೈಟ್ ವಿಷನ್ ಕನ್ನಡಕ ಹಾಕಿಕೊಂಡು ಇಳಿಸಿದರು. ಅಪ್ಪ ಇದನ್ನು ಫೋನಿನಲ್ಲಿ ನನಗೆ ಎರಡು ಸಲ ಹೇಳಿದ್ದರು. ಎರಡನೇ ಸಲ ಹೇಳುವಾಗ ವಿಮಾನ ಇನ್ನೂ ಕತ್ತಲಲ್ಲಿ ಇಳಿದಿತ್ತು!

ತಮಾಷೆ ಏನು ಗೊತ್ತಾ? ಅದೇ ವಾರ ಹ್ಯಾಂಬರ್ಗ್‌ನಲ್ಲಿ ನಾನೂ ಅದೇ ವಾದಿ ಸೈದ್ನಾ ನೋಡಿದ್ದೆ. ಅಲ್ಲಿ ಇಳಿದಿದ್ದು ಜರ್ಮನ್ ಸೈನ್ಯದ ದಪ್ಪ ಬೂದು ಬಣ್ಣದ ವಿಮಾನಗಳು. 700ಕ್ಕೂ ಹೆಚ್ಚು ಜನರನ್ನು ತಂದರು. ನಮ್ಮವರ ವಿಮಾನ ಅಲ್ಲಿಗೆ ಹೋಗಿದ್ದನ್ನು ಜರ್ಮನ್ ಟೀವಿಯಲ್ಲಿ ನಾನು ನೋಡಲಿಲ್ಲ. ಅವರ ವಿಮಾನದ ಸುದ್ದಿ ಅಪ್ಪನಿಗೆ ತಲುಪಿರಲಿಲ್ಲ. ಒಂದೇ ರನ್‌ವೇ, ಮಧ್ಯೆ ಮೂರು ನಾಲ್ಕು ದಿನ. ಕೊನೆಯ ವಿಮಾನ ಹಾರಿದ ಮೇಲೆ ಎರಡೂ ಕಡೆಯ ಕ್ಯಾಮೆರಾಗಳು ಅದರ ಜೊತೆಗೇ ಹತ್ತಿಕೊಂಡು ಬಂದುಬಿಟ್ಟವು.

ಎಲ್ ಫಾಶರ್‌ನ ಜನ ಅಲ್ಲೇ ಉಳಿದರು. ಇದು ನನಗೆ ತಿಳಿದಿದ್ದೂ ನ್ಯೂಸ್ ನೋಡಿ ಅಲ್ಲ. ಸಂಜೆ ಜರ್ಮನ್ ಕ್ಲಾಸಿನಲ್ಲಿ ಪಕ್ಕದ ಬೆಂಚಿನವನು ಆ ಊರಿನವನು. 2024ರ ಆಗಸ್ಟ್‌ನಲ್ಲಿ ಅವನ ಊರ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಬಂದಿದೆ ಅಂತ ಅಂತಾರಾಷ್ಟ್ರೀಯ ತಜ್ಞರು ಖಚಿತಪಡಿಸಿದರು. ಆ ವಾರ ಅವನು ಕ್ಲಾಸಿಗೆ ಬರಲಿಲ್ಲ. ಊರಿಗೆ ಒಂದೂವರೆ ವರ್ಷ ಮುತ್ತಿಗೆ. 2025ರ ಅಕ್ಟೋಬರ್ 26ಕ್ಕೆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಒಳಗೆ ಹೊರಗಿನ ಪತ್ರಕರ್ತರಿಲ್ಲ, ಫೋನ್ ಲೈನಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಉಪಗ್ರಹದ ಚಿತ್ರ ನೋಡಿ, ನೆಲದ ಮೇಲಿನ ಕೆಂಪು ಕಲೆಗಳನ್ನು ಗುರುತಿಸಿ, ಅಲ್ಲಿ ಹತ್ಯಾಕಾಂಡ ನಡೆದಿದೆ ಅಂದರು. ಆಗ ಕೆಲವು ದಿನ ಜರ್ಮನ್ ಟೀವಿಗೂ ಸುಡಾನ್ ನೆನಪಾಯಿತು.

ಜರ್ಮನ್ನರು ಏನೋ ಮೇಲು ಅಂತ ಹೇಳುತ್ತಿಲ್ಲ. ಅಲ್ಲಿ ರಾತ್ರಿ ಎಂಟಕ್ಕೆ ಟಾಗೆಸ್‌ಶೌ ಅನ್ನುವ ಬುಲೆಟಿನ್. ಹದಿನೈದೇ ನಿಮಿಷ. ಕಿರುಚಾಟ ಇಲ್ಲ, ಟಿಆರ್‌ಪಿ ಭಯ ಇಲ್ಲ, ಯಾಕೆಂದರೆ ಇಂಥ ಸಾರ್ವಜನಿಕ ಚಾನೆಲ್‌ಗಳಿಗೆ ಅಂತಲೇ ಹೆಚ್ಚುಕಡಿಮೆ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಕಟ್ಟುತ್ತದೆ. ನಾನೂ ಗೊಣಗುತ್ತಾ ಕಟ್ಟುತ್ತೇನೆ. ಆದರೂ ಸುಡಾನ್‌ಗೆ ಜಾಗ ಸಿಗುವುದು ಅಪರೂಪ. ನೈರೋಬಿಯ ಒಂದು ಸ್ಟುಡಿಯೋ ಆಫ್ರಿಕಾದ ಹತ್ತಾರು ದೇಶ ನೋಡಿಕೊಳ್ಳಬೇಕು. ಉಕ್ರೇನ್ ಹಾಗಲ್ಲ. 2022ರಲ್ಲಿ ಆ ಯುದ್ಧ ರೈಲು ಹತ್ತಿ ಹ್ಯಾಂಬರ್ಗ್ ಸ್ಟೇಷನ್‌ಗೇ ಬಂದಿಳಿದಿತ್ತು, ಸೂಟ್‌ಕೇಸು, ಬೆಕ್ಕಿನ ಬುಟ್ಟಿ ಸಮೇತ.

ನಮ್ಮಲ್ಲಿ ಹೇಗೆ ಆರಿಸುತ್ತಾರೆ? ಅದಕ್ಕೆ ಮನೆಯಲ್ಲೇ ಸಾಕ್ಷಿ ಇದ್ದಾನೆ. ಅತ್ತೆ ಮಗ ಒಂದು ಚಾನೆಲ್‌ನ ಡೆಸ್ಕ್‌ನಲ್ಲಿದ್ದಾನೆ. ಭಾನುವಾರ ಹಿತುಕಿದ ಬೇಳೆ ಸಾರಿಗೆ ಬಂದಿದ್ದ. ಕೇಳಿದೆ.

"ಅಕ್ಕ, ಮೀಟಿಂಗಲ್ಲಿ ಮೊದಲನೇ ಪ್ರಶ್ನೆ, ನಮ್ಮೋರು ಇದ್ದಾರಾ? ಇದ್ರೆ ಓಡುತ್ತೆ. ಇಲ್ದಿದ್ರೆ ವಿಷುವಲ್ಸ್ ಇದೆಯಾ? ಅದೂ ಇಲ್ಲ ಅಂದ್ರೆ ಕೆಳಗೆ ಸ್ಕ್ರೋಲ್‌ನಲ್ಲಿ ಒಂದು ಲೈನ್."

ಉಕ್ರೇನ್ ಎಷ್ಟು ಓಡಿತು ನೋಡಿ. ಸಾವಿರಾರು ಮೆಡಿಕಲ್ ವಿದ್ಯಾರ್ಥಿಗಳು, ಪ್ರತಿಯೊಬ್ಬರ ಕೈಯಲ್ಲೂ ಫೋನು, ಪ್ರತಿ ಜಿಲ್ಲೆಯಲ್ಲೂ ಅಪ್ಪ ಅಮ್ಮ. ಚಾನೆಲ್‌ಗೆ ಅಲ್ಲಿಗೆ ಒಬ್ಬ ರಿಪೋರ್ಟರ್‌ನನ್ನು ಕಳಿಸುವ ಖರ್ಚೇ ಇಲ್ಲ. ಬಂಕರ್‌ನಿಂದ ಹುಡುಗಿ ವಿಡಿಯೋ ಕಾಲ್ ಮಾಡುತ್ತಾಳೆ, ಊರಿನ ಮನೆಗೆ ಹೋದ ಸ್ಟ್ರಿಂಗರ್ ಅಮ್ಮನ ಬೈಟ್ ತರುತ್ತಾನೆ. ಮಾರ್ಚ್ 1ಕ್ಕೆ ಹಾವೇರಿ ಜಿಲ್ಲೆಯ ಹುಡುಗ ಖಾರ್ಕಿವ್‌ನಲ್ಲಿ ತೀರಿಕೊಂಡಾಗ ಇಡೀ ರಾಜ್ಯ ಅತ್ತಿತು. ಅಳಬೇಕಾದ್ದೇ. ಅದೇ ದಿನಗಳಲ್ಲಿ ಖಾರ್ಕಿವ್‌ನ ಎಷ್ಟು ಜನ ಸತ್ತರು ಅಂತ ಕೇಳಿದರೆ ಮಾತ್ರ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ನನಗೂ ಇಲ್ಲ.

ಇನ್ನೊಂದು ವಿಷಯ ಅವನೇ ನೆನಪಿಸಿದ. ಟಿಆರ್‌ಪಿ ಹಗರಣ ಆದ ಮೇಲೆ 2020ರ ಅಕ್ಟೋಬರ್‌ನಿಂದ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಂತಿತ್ತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಕಾವೇರಿದ್ದಾಗಲೇ. ಎಲ್ಲ ಸ್ಟುಡಿಯೋಗಳಲ್ಲೂ ಅಣುಬಾಂಬು ಬೀಳಲು ಶುರುವಾಯಿತು. ಏಪ್ರಿಲ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಚಾನೆಲ್‌ಗಳಿಗೆ ಸೂಚನೆ ಕಳಿಸಿ, ಉಕ್ರೇನ್ ಬಗ್ಗೆ ಹೀಗೆಲ್ಲ ಉತ್ಪ್ರೇಕ್ಷೆ ಮಾಡಬೇಡಿ ಅನ್ನಬೇಕಾಯಿತು.

"ಹಾಗಾದ್ರೆ ಎಲ್ ಫಾಶರ್ ಬಿದ್ದಾಗ ನೀವು ಹಾಕಲೇ ಇಲ್ವಾ?" ಅಂದೆ.

"ಹಾಕಿದ್ವಲ್ಲ! ಒಡಿಶಾದವರೊಬ್ಬರನ್ನ ಕಿಡ್ನ್ಯಾಪ್ ಮಾಡಿದ್ರು. ಶಾರುಖ್ ಖಾನ್ ಗೊತ್ತಾ ಅಂತ ಅವರನ್ನ ಕೇಳೋ ವಿಡಿಯೋ ಬಂತು. ಒಳ್ಳೇ ಓಡ್ತು."

ಹೇಳಿದ ಮೇಲೆ ಅವನೇ ಸ್ವಲ್ಪ ಸಪ್ಪಗಾದ.

ನಾರ್ವೆಯ ಇಬ್ಬರು ಸಂಶೋಧಕರು, ಗಾಲ್ಟುಂಗ್ ಮತ್ತು ರೂಗೆ, 1965ರಲ್ಲೇ ಇದನ್ನು ಬರೆದಿದ್ದರು. ಕಾಂಗೋ, ಕ್ಯೂಬಾ, ಸೈಪ್ರಸ್ ಗಲಾಟೆಗಳನ್ನು ತಮ್ಮ ದೇಶದ ಪೇಪರ್‌ಗಳು ಹೇಗೆ ಹಾಕಿದವು ಅಂತ ನೋಡಿದವರು. ನಮಗೆ ಹತ್ತಿರದ್ದು, ಅರ್ಥ ಮಾಡಿಕೊಳ್ಳಲು ಸುಲಭವಾದದ್ದು, ದೊಡ್ಡ ದೇಶದ್ದು, ಕೆಟ್ಟದ್ದು ಬೇಗ ಸುದ್ದಿಯಾಗುತ್ತದೆ ಅಂತ ಪಟ್ಟಿ ಮಾಡಿದ್ದರು. ಇವನಿಗೆ ಹೇಳಿದರೆ, "ಅಷ್ಟು ಹಿಂದೇನೇ ನಮ್ಮ ಬಾಸ್‌ನ ನೋಡಿದ್ರಾ?" ಅಂದ.

2025ರ ಮೇ ತಿಂಗಳಲ್ಲಿ ಇದೇ ನನಗೆ ಉಲ್ಟಾ ಹೊಡೆದಿತ್ತು. ಆಪರೇಷನ್ ಸಿಂಧೂರ ನಡೆದ ಆ ದಿನಗಳಲ್ಲಿ ಬೆಂಗಳೂರಿನಲ್ಲೂ ಮಾಕ್ ಡ್ರಿಲ್. ಟೀವಿ ಸ್ಟುಡಿಯೋಗಳಲ್ಲಿ ದಿನವಿಡೀ ಸೈರನ್. ಕರಾಚಿ ಬಂದರು ನಾಶ ಆಯ್ತು ಅಂತ ಸುಳ್ಳು ಸುದ್ದಿ ಬೇರೆ. ಅಮ್ಮ ಫೋನಿನಲ್ಲಿ, "ಸೈರನ್ ನಮ್ಮ ಬೀದೀದೋ ಟೀವೀದೋ ಗೊತ್ತಾಗ್ತಿಲ್ಲ ಕಣೇ" ಅಂದರು. ಕೊನೆಗೆ ಸರ್ಕಾರವೇ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಹಾಕಬೇಡಿ ಅನ್ನಬೇಕಾಯಿತು. ಅತ್ತ ಹ್ಯಾಂಬರ್ಗ್‌ನಲ್ಲಿ ಅದೇ ತಣ್ಣನೆ ದನಿ, ಒಂದು ಮ್ಯಾಪು, ಮುಂದಿನ ಸುದ್ದಿ. ನನ್ನ ಅಪ್ಪ ಅಮ್ಮನ ಊರು ಆ ಹದಿನೈದು ನಿಮಿಷದಲ್ಲಿ ಬರಲೇ ಇಲ್ಲ. ಮರುದಿನ ಕ್ಲಾಸಿನಲ್ಲಿ, ಮನೆಯವರು ಹೇಗಿದ್ದಾರೆ ಅಂತ ಕೇಳಿದವನು ಒಬ್ಬನೇ, ಎಲ್ ಫಾಶರ್‌ನವನು.

ಆ ಭಾನುವಾರ ಅತ್ತೆ ಮಗನಿಗೆ ಇದನ್ನೂ ಹೇಳಿದ್ದೆ. ಎರಡು ದಿನ ಬಿಟ್ಟು ಅವನಿಂದ ಮೆಸೇಜ್ ಬಂತು. "ಅಕ್ಕ, ಮಧ್ಯಾಹ್ನದ ಬುಲೆಟಿನ್‌ನಲ್ಲಿ ನಿನ್ನ ಊರು ಹಾಕಿದೆ. ನಲವತ್ತು ಸೆಕೆಂಡ್. ವಿಷುವಲ್ಸ್ ಇರಲಿಲ್ಲ, ಮ್ಯಾಪ್ ಹಾಕಿದೀನಿ." ಜೊತೆಗೆ ಸ್ಕ್ರೀನಿನ ಫೋಟೋ. ಅಪ್ಪ ಆಗ ಮಲಗಿದ್ದರು, ನೋಡಲಿಲ್ಲ. ನಾನು ಫೋಟೋವನ್ನು ಹ್ಯಾಂಬರ್ಗ್‌ಗೆ, ಆ ಕ್ಲಾಸಿನವನಿಗೆ ಕಳಿಸಿದೆ. ಇದರಲ್ಲಿ ನಮ್ಮೂರ ಹೆಸರು ಎಲ್ಲಿದೆ ಅಂತ ಕೇಳಿದ. ಕನ್ನಡ ಅಕ್ಷರಗಳಿಗೆ ಗೆರೆ ಎಳೆದು ತೋರಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಚುಕ್ಕಿ ಇನ್ನೂ ಪಶ್ಚಿಮಕ್ಕೆ ಹೋಗಬೇಕಂತೆ. ಅದು ಖಾರ್ಟೂಮ್ ಹತ್ತಿರ ಇದೆಯಂತೆ.

ಅತ್ತೆ ಮಗನಿಗೆ ತಿಳಿಸಿದೆ. "ಅಯ್ಯೋ, ಮುಂದಿನ ಸಲ ಸರಿ ಮಾಡ್ತೀನಿ" ಅಂದ.