ಈವಯ್ಯ ಆಕ್ಟ್ರಲ್ಲ ಕಣಮ್ಮ

ಅಪ್ಪ ಬೆಂಗಳೂರಿಗೆ ಬಂದರೆ ಎರಡೇ ದಿನ. ಮೂರನೇ ದಿನ ಬೆಳಗ್ಗೆ ನಾನು ಏಳೋ ಹೊತ್ತಿಗೆ ಅವರ ಚೀಲ ಬಾಗಿಲ ಪಕ್ಕ ಬಂದು ಕೂತಿರುತ್ತದೆ. ಹೋದ ಸಲ ಮಾತ್ರ ಕಣ್ಣಿನ ಪೊರೆ ತೆಗೆಸಿದ್ದರಿಂದ ಹತ್ತು ದಿನ ಇರಲೇಬೇಕು ಅಂತಾಗಿ ಸಿಕ್ಕಿಬಿದ್ದರು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಅಂದಿದ್ದರು ಡಾಕ್ಟ್ರು. ಮಧುಗಿರಿ ಕಡೆ ಹೊಲದಲ್ಲಿ ಈ ಮೂರನ್ನೂ ಬಿಟ್ಟು ಮಾಡೋ ಕೆಲಸ ಯಾವುದಿದೆ ಹೇಳಿ?

ಎಂಟನೇ ದಿನ ಸಂಜೆ ಅವರ ಚಡಪಡಿಕೆ ನೋಡಲಾರದೆ ಟಿವಿಯಲ್ಲಿ ಒಂದು ತಮಿಳು ಸಿನಿಮಾ ಹಾಕಿದೆ. ‘ಕಡೈಸಿ ವಿವಸಾಯಿ’. ಕೊನೆಯ ರೈತ ಅಂತ ಅರ್ಥ. 2022ರ ಫೆಬ್ರವರಿಯಲ್ಲಿ ಬಂದಿದ್ದು, ನಾನು ಮೊದಲೇ ನೋಡಿದ್ದೆ. ಅಪ್ಪನಿಗೆ ಕನ್ನಡ, ತೆಲುಗು ಬರುತ್ತದೆ, ತಮಿಳು ಸುತರಾಂ ಬರಲ್ಲ. ಪಕ್ಕ ಕೂತು ಒಂದೊಂದೇ ಮಾತನ್ನ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದೆ.

ಕತೆ ಸಣ್ಣದು. ಮದುರೈ ಪಕ್ಕದ ಉಸಿಲಂಪಟ್ಟಿ ಸೀಮೆಯ ಒಂದು ಹಳ್ಳಿ. ನಿಂತುಹೋದ ಕುಲದೇವರ ಹಬ್ಬ ಮತ್ತೆ ಮಾಡಬೇಕು. ದೇವರಿಗೆ ಒಂದು ಮರಕ್ಕಾಲ್ ಹೊಸ ಭತ್ತ ಬೇಕು. ನಮ್ಮಲ್ಲಿ ಕೊಳಗ ಇದ್ದ ಹಾಗೆ ಅಲ್ಲಿನ ಅಳತೆ ಅದು. ಬೆಳೆಯೋರು ಯಾರು? ಜನ ಜಮೀನು ಮಾರಿಕೊಂಡು ಕೂತಿದ್ದಾರೆ. ಉಳಿದಿರೋದು ಮಾಯಾಂಡಿ ಅನ್ನೋ ಒಬ್ಬ ಮುದುಕ. ಕಿವಿ ಬೇರೆ ಸರಿಯಾಗಿ ಕೇಳಲ್ಲ.

ಹತ್ತು ನಿಮಿಷ ಆಗಿರಬೇಕು. ಅಪ್ಪ ಕೈ ಅಡ್ಡ ಹಿಡಿದರು. ‘ಸುಮ್ನಿರಮ್ಮ, ಗೊತ್ತಾಗ್ತೈತೆ.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಈವಯ್ಯ ಆಕ್ಟ್ರಲ್ಲ ಕಣಮ್ಮ’ ಅಂದರು.

ನಾನು ಏನೂ ಹೇಳಿರಲಿಲ್ಲ. ಮಾಯಾಂಡಿ ಪಾತ್ರ ಮಾಡಿದ ನಲ್ಲಾಂಡಿ ನಿಜವಾಗಿಯೂ ರೈತ. ಎಂಬತ್ತು ದಾಟಿದ ಮೇಲೆ ಮೊದಲ ಸಲ ಕ್ಯಾಮೆರಾ ಮುಂದೆ ನಿಂತವರು. ನಿರ್ದೇಶಕ ಎಂ. ಮಣಿಕಂಡನ್ ಮುಖ್ಯ ಪಾತ್ರಕ್ಕೆ ಇವರನ್ನ ಹಾಕಿಕೊಂಡು, ಸುತ್ತಲಿನ ಪಾತ್ರಗಳಿಗೂ ಹಳ್ಳಿ ಜನರನ್ನೇ ತುಂಬಿದ್ದಾರೆ. ‘ನಿಂಗೆ ಹೆಂಗೆ ಗೊತ್ತಾಯ್ತಪ್ಪ?’ ಅಂತ ಕೇಳಿದೆ. ‘ಬದು ಮ್ಯಾಲೆ ಕಾಲಿಡೋದು ನೋಡು. ಕಲ್ಸ್‌ಕೊಟ್ರೆ ಬರೋದಲ್ಲ ಅದು.’

ಪೊರೆ ತೆಗೆದ ಹೊಸ ಕಣ್ಣು, ಏನೂ ಬಿಡುತ್ತಿರಲಿಲ್ಲ. ವಿಜಯ್ ಸೇತುಪತಿ ಬಂದ ತಕ್ಷಣ ‘ಇವ್ನು ಆಕ್ಟ್ರು’ ಅಂದರು. ದೊಡ್ಡ ಸ್ಟಾರ್ ಅಪ್ಪ ಅಂದೆ. ‘ಹೂಂ, ಇರ್ಬೋದು’ ಅಂದು ಮುದುಕ ಮತ್ತೆ ಬರೋದನ್ನ ಕಾಯತೊಡಗಿದರು. ಹಾಸ್ಯನಟ ಯೋಗಿ ಬಾಬುವಿನ ಪಾತ್ರ ಜಮೀನು ಮಾರಿ ಆನೆ ತಗೊಂಡ ಕತೆಗೆ ಮಾತ್ರ ಜೋರಾಗಿ ನಕ್ಕರು. ‘ನಮ್ಮೂರಾಗೆ ಜೇಸಿಬಿ ತಗಂಡ್ರು, ಇವ್ನು ಆನೆ ತಗಂಡವ್ನೆ. ಇವ್ನೇ ವಾಸಿ.’

ನಗು ನಿಂತಿದ್ದು ನವಿಲು ಬಂದಾಗ. ಮಾಯಾಂಡಿಯ ಹೊಲದ ಹತ್ತಿರ ನವಿಲುಗಳು ಸತ್ತು ಬಿದ್ದಿರುತ್ತವೆ. ಅಲ್ಲಿ ನವಿಲು ಅಂದರೆ ಮುರುಗನ ವಾಹನ. ಮುದುಕ ಹಾಗೇ ಬಿಡಲಾರದೆ ಗುಂಡಿ ತೋಡಿ ಹೂಳುತ್ತಾನೆ. ಅವನೇ ಕೊಂದ ಅಂತ ಪೊಲೀಸರು ಕೇಸು ಹಾಕುತ್ತಾರೆ. ಜೈಲಾಗುತ್ತದೆ. ಇತ್ತ ಪೈರಿಗೆ ನೀರಿಲ್ಲ.

ಅಪ್ಪ ಸೋಫಾದ ತುದಿಗೆ ಬಂದು ಕೂತರು. ನಮ್ಮ ಕಡೆ ನವಿಲಿನ ಕಾಟ ಗೊತ್ತಿದ್ದವರಿಗೇ ಗೊತ್ತು. ಕಡ್ಲೆಕಾಯಿ ಬಿತ್ತಿದರೆ ಮೊಳಕೆಯಲ್ಲೇ ಕೆದಕುತ್ತವೆ. ಟೊಮೇಟೊ ಕೆಂಪಾದರೆ ಕುಕ್ಕಿ ಹಾಕುತ್ತವೆ. ಬೆಳಗಿನ ಜಾವ ಡಬ್ಬ ಬಡಿಯೋದು ಅಪ್ಪನಿಗೆ ದಿನದ ಮೊದಲ ಕೆಲಸ.

‘ಸಾಯಿಸ್ದೆ ಇದ್ರೂ ಒಳಗೆ ಹಾಕ್ತಾರಾ?’

ರಾಷ್ಟ್ರಪಕ್ಷಿ ಅಲ್ವಾ, 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲನೇ ಪಟ್ಟಿಯಲ್ಲೇ ಇದೆ, ಹುಲಿ ಆನೆ ಜೊತೆಗೆ ಅಂತ ವಿವರಿಸಿದೆ. ಗೊತ್ತಿದ್ದನ್ನ ಹೇಳೋ ಚಪಲ ನನಗೆ ಸ್ವಲ್ಪ ಜಾಸ್ತಿ. ಅಪ್ಪ ಟಿವಿ ಕಡೆ ನೋಡುತ್ತಲೇ, ‘ಎರಡು ವರ್ಷದ ಕೆಳಗೆ ಒಂದು ಹೆಣ್ಣು ನವಿಲು ಕರೆಂಟು ತಂತಿಗೆ ತಗಲಿ ನಮ್ಮ ಬದಿನಾಗೆ ಬಿದ್ದಿತ್ತು. ನಾಯಿ ಎಳೆದಾಡ್ತಾವೆ ಅಂತ ರಾತ್ರಿ ಹೂತೆ. ನಿಮ್ಮಮ್ಮಂಗೂ ಹೇಳಿಲ್ಲ’ ಅಂದರು.

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ‘ಏನೂ ಆಗಲ್ಲ ಬಿಡಪ್ಪ’ ಅಂದೆ. ಪರದೆ ಮೇಲೆ ನ್ಯಾಯಾಧೀಶೆ, ಮುದುಕನ ಪೈರು ನೋಡಿಕೊಳ್ಳೋ ಕೆಲಸವನ್ನ ಪೊಲೀಸಿನವನಿಗೇ ಒಪ್ಪಿಸುತ್ತಿದ್ದರು. ಅಪ್ಪ ಈ ಸಲ ನಗಲಿಲ್ಲ.

ಅಷ್ಟರಲ್ಲಿ ಊರಿಂದ ಫೋನು. ತ್ರೀ ಫೇಸ್ ಬಂದಿದೆ, ಮೋಟರ್ ಹಾಕಲಾ ಅಂತ ಪಕ್ಕದ ಹೊಲದ ಹುಡುಗ. ಅಪ್ಪ ಬಾಲ್ಕನಿಗೆ ಹೋದರು. ಯಾವ ಸಾಲಿಗೆ ಮೊದಲು ನೀರು, ಯಾವ ಕಡೆ ಬದು ಸೋರುತ್ತೆ, ಹೇಳಿದ್ದನ್ನೇ ಮೂರು ಸಲ ಹೇಳಿದರು. ನಾನು ಸಿನಿಮಾ ನಿಲ್ಲಿಸಿ ಕಾದೆ. ಮತ್ತೆ ಅವರು ಅದರ ಮುಂದೆ ಕೂರಲಿಲ್ಲ.

ಮಲಗೋ ಮುಂಚೆ ಆ ಅಜ್ಜ ಈಗ ಎಲ್ಲವ್ರೆ ಅಂತ ಕೇಳಿದರು. ಸಿನಿಮಾ ಬಿಡುಗಡೆ ಆಗೋ ಮೊದಲೇ ತೀರಿಕೊಂಡರು ಅಂದೆ. ಆಮೇಲೆ ರಾಷ್ಟ್ರಪ್ರಶಸ್ತಿಯಲ್ಲಿ ಅದಕ್ಕೆ ಅತ್ಯುತ್ತಮ ತಮಿಳು ಚಿತ್ರ ಅಂತ ಬಂತು, ಅವರ ನಟನೆಗೂ ವಿಶೇಷ ಮೆಚ್ಚುಗೆ ಸಿಕ್ಕಿತು ಅಂತಲೂ ಹೇಳಿದೆ. ಪ್ರಶಸ್ತಿ ವಿಷಯ ಅಪ್ಪನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ‘ಅವ್ರ ಹೊಲ ಈಗ ಯಾರು ಮಾಡ್ತವ್ರೆ?’

ಗೊತ್ತಿಲ್ಲಪ್ಪ ಅಂದು ಲೈಟು ಆರಿಸಿದೆ. ಮನೆಯಲ್ಲಿ ಒಬ್ಬಳೇ ಮಗಳು ನಾನು. ಕೆಲಸ ವೈಟ್‌ಫೀಲ್ಡಿನಲ್ಲಿ.

ಅಪ್ಪ ಹತ್ತನೇ ದಿನದವರೆಗೂ ಕಾಯಲಿಲ್ಲ. ಮಾರನೇ ದಿನವೇ ಚೀಲ ಬಾಗಿಲಿಗೆ ಬಂತು. ವಾರ ಬಿಟ್ಟು ಫೋನು ಮಾಡಿದಾಗ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂತಿದ್ದೀಯಾ ಅಂತ ಕೇಳಿದೆ. ಹಾಕ್ಕೊಂತಿದೀನಿ ಅಂದರು. ಸುಳ್ಳು ಅಂತ ಗೊತ್ತಾಯಿತು.

‘ಅಲ್ಲಮ್ಮ, ಆವತ್ತು ಅರ್ಧಕ್ಕೆ ಎದ್ದು ಹೋದ್ನಲ್ಲ, ಪೈರು ಏನಾಯ್ತು?’

‘ಮುಂದಿನ ತಿಂಗಳು ಕಣ್ಣು ತೋರಿಸೋಕೆ ಬರ್ತೀಯಲ್ಲ, ಬಂದು ನೀನೇ ನೋಡು’ ಅಂದೆ.